ದೇವರ ಮನೆಯಲ್ಲಿ ಹಲ್ಲು ಬಿಡಬಹುದೇ?

ಎಲ್ಲಿ ಬರಬಾರದೋ ಅಲ್ಲೇ ಬರುವುದು ನಗುವಿನ ಹುಟ್ಟುಗುಣ. ಸಾವಿನ ಮನೆಯಲ್ಲಿ ಬರುತ್ತದೆ, ಸಾಹೇಬರು ಬೈಯುವಾಗ ಬರುತ್ತದೆ, ಫೋಟೋದವನು "ಸ್ವಲ್ಪ ನಗಿ ಸಾರ್" ಅಂದಾಗ ಮಾತ್ರ ಬರುವುದಿಲ್ಲ. ಆದರೆ ಚರ್ಚಿನಲ್ಲಿ ಬರುವ ನಗು ಇದೆಯಲ್ಲ, ಅದರ ಹಟಕ್ಕೆ ಸಾಟಿಯಿಲ್ಲ. ಪೂಜೆ ನಡೆಯುತ್ತಿರುತ್ತದೆ, ಎಲ್ಲರೂ ಮೊಣಕಾಲೂರಿರುತ್ತಾರೆ, ಗಂಟೆ ಬಾರಿಸುವ ಹುಡುಗ ಅವಸರಪಟ್ಟು ಮೊದಲೇ ಬಾರಿಸಿಬಿಡುತ್ತಾನೆ. ಅಷ್ಟೇ. ಹೊರಗಡೆಯಾಗಿದ್ದರೆ ಅದು ನಗುವ ವಿಷಯವೇ ಅಲ್ಲ. ಒಳಗೆ ಮಾತ್ರ ಒಂದು ಬೆಂಚು ಪೂರ್ತಿ ಅಲುಗಾಡತೊಡಗುತ್ತದೆ. ಒಬ್ಬಳು ಸೆರಗು ಬಾಯಿಗಿಡುತ್ತಾಳೆ, ಇನ್ನೊಬ್ಬ ಕೆಮ್ಮಿನ ವೇಷ ಹಾಕುತ್ತಾನೆ, ಮತ್ತೊಬ್ಬ ತಲೆ ತಗ್ಗಿಸಿ ಭುಜ ಕುಣಿಸುತ್ತಾನೆ. ಹಿಂದಿನ ಬೆಂಚಿನ ಅಜ್ಜಿ ಅದನ್ನು ಕಂಡು "ಪಾಪ, ಪಶ್ಚಾತ್ತಾಪದಲ್ಲಿ ಅಳ್ತಿದೆ ಮಗು" ಅಂದುಕೊಂಡರೆ ಅದು ಆಕೆಯ ದೊಡ್ಡತನ.

ನಮ್ಮ ಚರ್ಚಿನ ಮೂರನೇ ಬೆಂಚಿನ ಮೇಷ್ಟ್ರಿಗೆ ಇದೆಲ್ಲ ಸರಿಬರುವುದಿಲ್ಲ. ಅವರ ಹೆಸರು ಬೇಡ. ಇಂಥ ಮೇಷ್ಟ್ರು ಇಲ್ಲದ ಚರ್ಚೇ ಇಲ್ಲವಾದ್ದರಿಂದ ಹೇಳಿದರೂ ಯಾರೆಂದು ಗುರುತು ಹತ್ತಲಾರದು. ಅವರು ನಕ್ಕಿದ್ದನ್ನು ಕಂಡವರಿಲ್ಲ. ಮದುವೆ ಆಲ್ಬಮ್ಮಿನಲ್ಲೂ ತನಿಖೆ ನಡೆದಿದೆ, ಸಾಕ್ಷ್ಯ ಸಿಕ್ಕಿಲ್ಲ. ಪೂಜೆ ಮುಗಿದು ಅಂಗಳಕ್ಕೆ ಬಂದ ಕೂಡಲೇ ಅವರು ಕೇಳುವ ಪ್ರಶ್ನೆ ಒಂದೇ: "ಅಲ್ಲಪ್ಪಾ, ದೇವರ ಮನೇಲಿ ಹಲ್ಲು ಬಿಡ್ತೀರಲ್ಲ, ಯೇಸುಸ್ವಾಮಿ ಅತ್ತರು ಅಂತ ಶುಭಸಂದೇಶದಲ್ಲಿದೆ. ನಕ್ಕರು ಅಂತ ಎಲ್ಲಾದ್ರೂ ಇದೆಯಾ? ತೋರಿಸು, ನೋಡೋಣ."

ತೋರಿಸಲಾಗುವುದಿಲ್ಲ. ಲಾಜರನ ಸಮಾಧಿಯ ಬಳಿ ಅವರು ಅತ್ತ ಸಂಗತಿ ಯೊವಾನ್ನನ ಶುಭಸಂದೇಶದಲ್ಲಿದೆ. ನಕ್ಕ ಸಂಗತಿ ನಾಲ್ಕು ಶುಭಸಂದೇಶಗಳಲ್ಲಿ ಎಲ್ಲೂ ಇಲ್ಲ. ಮೇಷ್ಟ್ರ ಬೆನ್ನಿಗೆ ಬಹಳ ದೊಡ್ಡವರೇ ನಿಂತಿದ್ದಾರೆ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಅಂತಿಯೋಕ್ಯದಲ್ಲಿ ಪ್ರಬೋಧನೆ ಮಾಡುತ್ತಿದ್ದ ಸಂತ ಜಾನ್ ಕ್ರಿಸೊಸ್ತೊಮ್ ಅವರನ್ನು ಮಾತಿನ ಸೊಗಸಿಗಾಗಿ ಜನ 'ಬಂಗಾರದ ಬಾಯಿ' ಎಂದೇ ಕರೆದರು. ಆ ಬಂಗಾರದ ಬಾಯಿ, ಕ್ರಿಸ್ತ ಅತ್ತದ್ದುಂಟು, ನಕ್ಕದ್ದಿಲ್ಲ, ಮುಗುಳ್ನಕ್ಕದ್ದೂ ಇಲ್ಲ ಎಂದು ತೀರ್ಪು ಕೊಟ್ಟಿತು. ಬಂಗಾರದ್ದಲ್ಲವೇ, ಬಿಟ್ಟರೆ ಕಳುವಾದೀತೆಂಬ ಭಯವಿರಬಹುದು! ಮುಂದೆ ಮಧ್ಯಯುಗದಲ್ಲಿ ಯಾರೋ ಪುಣ್ಯಾತ್ಮ ಲೆಂತುಲುಸ್ ಎಂಬ ರೋಮನ್ ಅಧಿಕಾರಿಯ ಹೆಸರಿನಲ್ಲಿ ಒಂದು ಖೊಟ್ಟಿ ಪತ್ರವನ್ನೇ ಸೃಷ್ಟಿಸಿದ. ಸ್ವಾಮಿಯ ತಲೆಗೂದಲು, ಗಡ್ಡ, ಮೈಬಣ್ಣ ಎಲ್ಲವನ್ನೂ ಪಕ್ಕದಲ್ಲಿ ನಿಂತು ನೋಡಿದವನಂತೆ ವರ್ಣಿಸಿ, ಇವರು ನಕ್ಕಿದ್ದನ್ನು ಯಾರೂ ಕಂಡಿಲ್ಲ ಎಂದೂ ಸೇರಿಸಿದ. ನಗದಿರುವುದಕ್ಕೆ ಕೂಡ ಸುಳ್ಳು ಸಾಕ್ಷಿ ಬೇಕಾಯಿತು, ನೋಡಿ.

ಶುಭಸಂದೇಶದಲ್ಲಿ ಬರೆದಿಲ್ಲವೆಂದರೆ ನಡೆದೇ ಇಲ್ಲವೇ ಮೇಷ್ಟ್ರೇ? ಸ್ವಾಮಿ ಸೀನಿದರೆಂದೂ ಅಲ್ಲಿ ಬರೆದಿಲ್ಲ, ಉಗುರು ತೆಗೆದರೆಂದೂ ಬರೆದಿಲ್ಲ. ಬರೆದಿರುವುದನ್ನೇ ನೋಡೋಣ. ಕಾನಾ ಊರಿನ ಮದುವೆಗೆ ಅವರನ್ನು ಕರೆದಿದ್ದರು, ಶಿಷ್ಯರ ಸಮೇತ. ಅಲ್ಲಿ ದ್ರಾಕ್ಷಾರಸ ಮುಗಿದಾಗ ಆರು ಕಲ್ಲಿನ ಬಾನಿಗಳ ನೀರನ್ನು, ಅಂದಾಜು 500 ಲೀಟರಿನಷ್ಟನ್ನು, ಉತ್ತಮ ದ್ರಾಕ್ಷಾರಸವನ್ನಾಗಿ ಮಾಡಿದರು. ಅದೂ ಅತಿಥಿಗಳು ಆಗಲೇ ಸಾಕಷ್ಟು ಕುಡಿದಾದ ಮೇಲೆ. ಹೊಟ್ಟೆಬಾಕ, ಕುಡುಕ, ಸುಂಕದವರ ಸ್ನೇಹಿತ ಎಂದು ವಿರೋಧಿಗಳು ಅವರನ್ನು ಹಳಿದರು. ಅಳುಮೋರೆಯವನನ್ನು ಯಾರಾದರೂ ಹಾಗೆ ಹಳಿಯುತ್ತಾರೆಯೇ? ಮಕ್ಕಳು ಮೈಮೇಲೆ ಬಿದ್ದು ಬರುತ್ತಿದ್ದರೆ ಶಿಷ್ಯರು ಗದರಿ ದೂರ ಅಟ್ಟಬೇಕಾಗುತ್ತಿತ್ತು. ಮುಖ ಗಂಟಿಕ್ಕಿದವರ ಹತ್ತಿರ ಮಕ್ಕಳು ಹೋಗುವುದಿಲ್ಲ ಎಂಬುದಕ್ಕೆ ನಮ್ಮ ಮೂರನೇ ಬೆಂಚಿನ ಆಸುಪಾಸು ಭಾನುವಾರ ಕಾಣುವ ಖಾಲಿ ಜಾಗವೇ ಸಾಕ್ಷಿ.

ಅವರ ಮಾತಿನ ವರಸೆಯಂತೂ ಹಳ್ಳಿಕಟ್ಟೆಯದು. ನೆರೆಯವನ ಕಣ್ಣಿನಲ್ಲಿ ಕಸ ಹುಡುಕುವವನ ಸ್ವಂತ ಕಣ್ಣಿನಲ್ಲಿ ತೊಲೆಯೇ ಇದೆ. ಸೊಳ್ಳೆ ಬಿದ್ದೀತೆಂದು ಸೋಸಿ ಕುಡಿಯುವ ಮಡಿವಂತರು ಒಂಟೆಯನ್ನು ಹಾಗೇ ನುಂಗುತ್ತಾರೆ. ಸೂಜಿಯ ಕಣ್ಣಿಗೆ ಇನ್ನೊಂದು ಒಂಟೆ ಬಂದು ಪ್ರಯತ್ನ ಪಡುತ್ತದೆ. ಕಣ್ಣಲ್ಲಿ ತೊಲೆ ಸಿಕ್ಕಿಸಿಕೊಂಡು ಪಕ್ಕದವನ ಕಣ್ಣು ನೋಡಲು ಬಗ್ಗುವವನನ್ನು ಒಮ್ಮೆ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ. ಅವನು ಅತ್ತ ತಿರುಗಿದರೆ ಇತ್ತ ನಾಲ್ಕು ಜನ ಬೀಳುತ್ತಾರೆ. ಗಲಿಲೇಯದ ರೈತರೂ ಬೆಸ್ತರೂ ಇದನ್ನು ಕೇಳಿ ಮುಖ ಬಿಗಿದು ಕೂತಿದ್ದರೆಂದು ನಂಬಲು ನನಗೆ ಬಹಳ ವಿಶ್ವಾಸ ಬೇಕು. ನಮ್ಮಲ್ಲಿ ಈ ಭಾಗವನ್ನು ಓದುವ ಧಾಟಿಗೆ ಮಾತ್ರ ಆ ಒಂಟೆಯೂ ಅತ್ತುಬಿಡುತ್ತದೆ.

"ಹಳೆ ಒಡಂಬಡಿಕೆ ದೇವರು ಹಾಗಲ್ಲ, ಗುಡುಗು ಸಿಡಿಲಿನ ದೇವರು" ಎಂದು ಮೇಷ್ಟ್ರು ಹಿಂದಕ್ಕೆ ಸರಿದರು. ಸರಿ, ಅಲ್ಲಿಗೇ ಹೋಗೋಣ. ಬೈಬಲ್ಲಿನಲ್ಲಿ ಮೊದಲು ನಕ್ಕವನು ಯಾರೋ ಪುಂಡನಲ್ಲ, ವಿಶ್ವಾಸಿಗಳ ಪಿತಾಮಹ ಅಬ್ರಹಾಮ. ನಿನ್ನ ಹೆಂಡತಿ ಸಾರಳಿಗೆ ಗಂಡುಮಗು ಹುಟ್ಟುತ್ತದೆ ಎಂದು ದೇವರು ಹೇಳಿದಾಗ, ನೂರರ ನನಗೂ ತೊಂಬತ್ತರ ಅವಳಿಗೂ ಮಗುವೇ ಎಂದು ಅವನು ಬೋರಲು ಬಿದ್ದು ನಕ್ಕ. ನಮಸ್ಕಾರಕ್ಕೆ ಬಿದ್ದದ್ದೋ, ನಗು ತಡೆಯಲಾರದೆ ಬಿದ್ದದ್ದೋ? ಎರಡಕ್ಕೂ ಭಂಗಿ ಒಂದೇ ಆದ್ದರಿಂದ ಅವನು ಬಚಾವಾದ. ಮುಂದಿನ ಅಧ್ಯಾಯದಲ್ಲಿ ಸಾರಳ ಸರದಿ. ಗುಡಾರದ ಬಾಗಿಲ ಹಿಂದೆ ನಿಂತು ಅತಿಥಿಗಳ ಮಾತು ಕದ್ದು ಕೇಳುತ್ತಿದ್ದವಳು ಈ ವಯಸ್ಸಿನಲ್ಲಿ ನನಗೆ ಬಾಣಂತನವೇ ಎಂದು ಒಳಗೊಳಗೇ ನಕ್ಕಳು. ದೇವರಿಗೆ ಅದೂ ಕೇಳಿಸಿತು. ಸಾರಳು ಏಕೆ ನಕ್ಕಳು ಎಂದು ವಿಚಾರಣೆ ಶುರುವಾಯಿತು. ಆಕೆ ಹೆದರಿ, ನಕ್ಕೇ ಇಲ್ಲ ಎಂದು ಸಾಧಿಸಿದಳು. ದೇವರು ಬಿಡಲಿಲ್ಲ, ನಕ್ಕದ್ದು ನಿಜ ಎಂದ. ಭೂಮ್ಯಾಕಾಶಗಳನ್ನು ಸೃಷ್ಟಿಸಿದವನೂ ತೊಂಬತ್ತರ ಅಜ್ಜಿಯೂ ಗುಡಾರದ ಬಾಗಿಲಲ್ಲಿ ನಿಂತು ನಕ್ಕೆ, ನಕ್ಕಿಲ್ಲ ಎಂದು ವಾದ ಮಾಡುವ ಈ ದೃಶ್ಯವನ್ನು ಗಂಭೀರವಾಗಿ ಓದುವುದು ಹೇಗೆಂದು ಮೇಷ್ಟ್ರೇ ಹೇಳಿಕೊಡಬೇಕು. ಶಿಕ್ಷೆ ಏನಾಯಿತು? ಮಗು ಹುಟ್ಟಿತು. ಅದಕ್ಕೆ ನಗು ಎಂದೇ ಅರ್ಥ ಬರುವ ಹೆಸರಿಟ್ಟರು, ಇಸಾಕ. ಅಂದ ಮೇಲೆ ಆ ವಂಶಕ್ಕೆ ನಗು ನಿಷಿದ್ಧವೆನ್ನಲು ನಾವು ಯಾರು?

ಇನ್ನು ಯೋನ. ಪೂರ್ವದ ನಿನೆವೆಗೆ ಹೋಗೆಂದರೆ ಪಶ್ಚಿಮದ ಹಡಗು ಹತ್ತಿದವನು. ಮೂರು ದಿನ ಮೀನಿನ ಹೊಟ್ಟೆಯಲ್ಲಿದ್ದು, ಅದು ಕಕ್ಕಿದ ಮೇಲೆ ಹೋಗಿ ಒಂದು ಸಾಲಿನ ಪ್ರಬೋಧನೆ ಮಾಡಿದ. ಇಡೀ ಊರು ಪಶ್ಚಾತ್ತಾಪ ಪಟ್ಟಿತು. ದನಕುರಿಗಳಿಗೂ ಗೋಣಿತಟ್ಟು ಹೊದಿಸಿ ಉಪವಾಸ ಕೆಡವಿದರು. ಯಾವ ಪ್ರಬೋಧಕನಿಗೆ ಇಂಥ ಫಲಿತಾಂಶ ಸಿಕ್ಕಿದೆ? ಯೋನ ಮಾತ್ರ ಊರು ಸುಡಲಿಲ್ಲವೆಂದು ಮುನಿಸಿಕೊಂಡು ಗುಡಿಸಲು ಹಾಕಿ ಕೂತ. ನೆರಳು ಕೊಟ್ಟಿದ್ದ ಗಿಡವನ್ನು ಹುಳು ತಿಂದಾಗ ಸಾಯುತ್ತೇನೆಂದ. ಒಂದು ಗಿಡಕ್ಕೆ ಇಷ್ಟು ಮರುಗುವ ನೀನು, 1,20,000ಕ್ಕಿಂತ ಹೆಚ್ಚು ಜನರಿಗಾಗಿ ನಾನು ಮರುಗಬಾರದೇ ಎಂದು ದೇವರು ಕೇಳಿ, ಕೊನೆಗೆ ದನಕರುಗಳೂ ಬಹಳ ಇವೆ ಎಂದು ಸೇರಿಸಿದ. ಪುಸ್ತಕ ಅಲ್ಲಿಗೇ ಮುಗಿಯುತ್ತದೆ, ದನಗಳ ಮೇಲೆ. ತನ್ನ ಪ್ರವಾದಿಯನ್ನೇ ಹೀಗೆ ಗೇಲಿ ಮಾಡಿ, ಅದನ್ನು ಪವಿತ್ರ ಗ್ರಂಥದೊಳಗೇ ಜೋಪಾನವಾಗಿ ಇಟ್ಟುಕೊಂಡ ಜನರು ನಗುವಿಗೆ ಹೆದರುವವರಾಗಿರಲಿಲ್ಲ.

ನಮ್ಮ ನಿಮ್ಮಂಥವರ ಸಂತನೂ ಒಬ್ಬನಿದ್ದಾನೆ. ತ್ರೋವ ಎಂಬ ಊರಿನಲ್ಲಿ ಪೌಲನು ಮಾತಾಡುತ್ತಾ ಮಾತಾಡುತ್ತಾ ಮಧ್ಯರಾತ್ರಿಯಾಯಿತು. ಮೂರನೆಯ ಅಂತಸ್ತಿನ ಕಿಟಕಿಯಲ್ಲಿ ಕೂತಿದ್ದ ಯೂತಿಕ ಎಂಬ ಹುಡುಗ ತೂಕಡಿಸಿ ಕೆಳಗೆ ಬಿದ್ದ. ಎತ್ತಿದಾಗ ಸತ್ತಿದ್ದ. ಪೌಲನು ಇಳಿದು ಬಂದು ಅವನನ್ನು ತಬ್ಬಿ ಬದುಕಿಸಿದ. ಆಮೇಲೆ? ಮೇಲೆ ಹೋಗಿ, ರೊಟ್ಟಿ ಮುರಿದು ತಿಂದು, ಬೆಳಗಾಗುವ ತನಕ ಮಾತು ಮುಂದುವರಿಸಿದ! ದೀರ್ಘ ಪ್ರಬೋಧನೆಯಿಂದ ಪ್ರಾಣಹಾನಿಯಾದ ದಾಖಲೆ ಪ್ರೇಷಿತರ ಕಾರ್ಯಕಲಾಪಗಳಲ್ಲೇ ಇದೆ. ಆದರೂ ನಮ್ಮ ಚರ್ಚುಗಳು ಗಡಿಯಾರವನ್ನು ಜನರ ಎದುರಿಗೆ ಹಾಕುತ್ತವೆಯೇ ಹೊರತು ಫಾದರ್ ಎದುರಿಗೆ ಹಾಕುವುದಿಲ್ಲ.

ಇಷ್ಟು ಹೇಳಿದ ಮೇಲೂ ಮೇಷ್ಟ್ರು ಜಗ್ಗಲಿಲ್ಲ. "ಅವೆಲ್ಲ ಕಥೆಗಳಪ್ಪಾ. ಧರ್ಮಕ್ಕೆ ಒಂದು ಘನತೆ ಬೇಕು. ನಾವೇ ನಕ್ಕರೆ ಲೋಕವೂ ನಗುತ್ತೆ."

ಲೋಕ ಯಾವತ್ತೋ ನಕ್ಕಾಗಿದೆ ಮೇಷ್ಟ್ರೇ. ರೋಮಿನ ಪಾಲಟೈನ್ ಗುಡ್ಡದಲ್ಲಿ 1857ರಲ್ಲಿ ಅಗೆದಾಗ ಗೋಡೆಯ ಮೇಲೆ ಒಂದು ಗೀಚು ಸಿಕ್ಕಿತು, ಹೆಚ್ಚುಕಡಿಮೆ ಕ್ರಿ.ಶ. 200ರ ಕಾಲದ್ದು. ಶಿಲುಬೆಗೆ ಜಡಿದ ಒಂದು ದೇಹ, ಅದಕ್ಕೆ ಕತ್ತೆಯ ತಲೆ. ಪಕ್ಕದಲ್ಲಿ ಕೈ ಎತ್ತಿ ನಿಂತ ಹುಡುಗ. ಅಲೆಕ್ಸಾಮೆನೋಸ್ ತನ್ನ ದೇವರನ್ನು ಪೂಜಿಸುತ್ತಿದ್ದಾನೆ ಎಂದು ಕೆಳಗೆ ಗ್ರೀಕಿನಲ್ಲಿ ಬರಹ. ಯಾರೋ ಸಹಪಾಠಿಯೋ ಸಹಕೆಲಸದವನೋ ಆ ಬಡಪಾಯಿಯನ್ನು ಅಣಕಿಸಿ ಗೀಚಿದ್ದು. ಇಂದು ಉಳಿದಿರುವ ಶಿಲುಬೆಯ ಅತಿ ಹಳೆಯ ಚಿತ್ರಗಳಲ್ಲಿ ಇದೂ ಒಂದು. ಲೋಕದ ಮ್ಯೂಸಿಯಮ್ಮುಗಳಲ್ಲಿ ತೂಗುವ ಅಷ್ಟೂ ಭವ್ಯ ಶಿಲುಬೆಚಿತ್ರಗಳಿಗಿಂತ ಮೊದಲು ಗೋಡೆಯ ಮೇಲೆ ಒಂದು ಕುಚೋದ್ಯವಿತ್ತು. ದೇವರು ಅಪರಾಧಿಗಳ ಜೊತೆ ನೇತಾಡಿ ಸತ್ತನೆಂದು ಹೇಳಿಕೊಂಡು ಬಂದವರನ್ನು ನೋಡಿ ರೋಮ್ ನಗದೆ ಇನ್ನೇನು ಮಾಡೀತು? ಪೌಲನೂ ಇದನ್ನು ಮುಚ್ಚಿಡಲಿಲ್ಲ. ನಮ್ಮ ಮಾತು ಲೋಕಕ್ಕೆ ಹುಚ್ಚಾಗಿ ಕಾಣುತ್ತದೆ, ಕ್ರಿಸ್ತನಿಗಾಗಿ ನಾವು ಹುಚ್ಚರೇ ಎಂದು ಕೊರಿಂಥದವರಿಗೆ ಬರೆದೇಬಿಟ್ಟ.

ನನ್ನ ತಕರಾರು ಇಷ್ಟೇ. ಮೈಯೆಲ್ಲಾ ನಗೆಪಾಟಲಾಗಿಯೇ ಹುಟ್ಟಿದ ಧರ್ಮ ಇದು. ಇದಕ್ಕೆ ಕಳೆದುಕೊಳ್ಳಲು ಘನತೆ ಎಲ್ಲಿತ್ತು? ಆಮೇಲೆ ಸಾಮ್ರಾಟರು ಒಲಿದರು, ಸಿಂಹಾಸನ ಬಂತು, ಕಿರೀಟ ಬಂತು, ಜರಿ ಅಂಚಿನ ನಿಲುವಂಗಿ ಬಂತು. ನಗುವಿನ ಭಯವೂ ಅದರ ಜೊತೆಯಲ್ಲೇ ಬಂತು. ನಕ್ಕರೆ ದೇವರಿಗೆ ಅವಮಾನವಾಗುತ್ತದೆ ಎಂದು ಗದರುವವರನ್ನು ಸ್ವಲ್ಪ ಹತ್ತಿರದಿಂದ ನೋಡಿ. ದೇವರ ಘನತೆಯನ್ನು ದೇವರು ನೋಡಿಕೊಳ್ಳುತ್ತಾನೆ. ಇವರು ಕಾಯುತ್ತಿರುವುದು ತಮ್ಮ ಪೇಟವನ್ನು.

ಪೇಟ ಇಲ್ಲದವರ ಹತ್ತಿರ ನಗು ಆರಾಮಾಗಿ ಇರುತ್ತಿತ್ತು. ಕ್ರಿ.ಶ. 258ರಲ್ಲಿ ರೋಮಿನ ಅಧಿಕಾರಿ ಲಾರೆನ್ಸ್ ಎಂಬ ಉಪಯಾಜಕನಿಗೆ, ನಿಮ್ಮ ಧರ್ಮಸಭೆಯ ಆಸ್ತಿಯನ್ನೆಲ್ಲ ತಂದು ಒಪ್ಪಿಸು ಎಂದು ಹುಕುಂ ಮಾಡಿದನಂತೆ. ಲಾರೆನ್ಸ್ ಊರಿನ ಕುಂಟರು, ಕುರುಡರು, ಭಿಕ್ಷುಕರನ್ನೆಲ್ಲ ಕರೆತಂದು ಇದೇ ನಮ್ಮ ಖಜಾನೆ ಎಂದು ಸಾಲಾಗಿ ನಿಲ್ಲಿಸಿದ. ಅಧಿಕಾರಿಗೆ ಹಾಸ್ಯ ಹಿಡಿಸಲಿಲ್ಲ, ಕೆಂಡದ ಮೇಲಿನ ಕಬ್ಬಿಣದ ಜಾಲರಿಯಲ್ಲಿ ಮಲಗಿಸಿ ಸುಡಿಸಿದ. ಅಲ್ಲೂ ಲಾರೆನ್ಸ್, ಈ ಮಗ್ಗುಲು ಬೆಂದಾಯಿತು, ಇನ್ನು ತಿರುವಿ ಹಾಕಿ ಎಂದನೆಂದು ಪರಂಪರೆ ಹೇಳುತ್ತದೆ. ಧರ್ಮಸಭೆ ಆ ಮಾತಿಗೆ ಬೇಸರ ಮಾಡಿಕೊಳ್ಳಲಿಲ್ಲ. ಸಂತನನ್ನಾಗಿ ಮಾಡಿ, ಅಡುಗೆಯವರಿಗೆ ಪಾಲಕನಾಗಿ ಕೊಟ್ಟಿತು! ಇದಕ್ಕಿಂತ ಧೈರ್ಯದ ತಮಾಷೆ ಇನ್ನೊಂದಿದ್ದರೆ ಹೇಳಿ.

ಸಂನ್ಯಾಸಿಗಳದು ಎರಡು ನಾಲಗೆ. ಆರನೆಯ ಶತಮಾನದ ಸಂತ ಬೆನೆಡಿಕ್ಟರ ನಿಯಮದಲ್ಲಿ ದೀನತೆಯ ಹನ್ನೆರಡು ಮೆಟ್ಟಿಲುಗಳಿವೆ. ಹತ್ತನೆಯದು ಥಟ್ಟನೆ ನಗದಿರುವುದು. ಆದರೆ ಅದಕ್ಕೂ ಹಿಂದಿನ ಈಜಿಪ್ಟಿನ ಮರಳುಗಾಡಿನ ತಪಸ್ವಿಗಳ ಕಥೆಗಳನ್ನು ನೋಡಿ. ಸಂತ ಅಂತೋಣಿ ಸಹೋದರರ ಜೊತೆ ಹರಟುತ್ತಾ ಕೂತಿದ್ದನ್ನು ಕಂಡು ಒಬ್ಬ ಬೇಟೆಗಾರ ಹುಬ್ಬು ಗಂಟಿಕ್ಕಿದ. ಬಿಲ್ಲು ಬಗ್ಗಿಸು ಎಂದರು ಅಂತೋಣಿ. ಬಗ್ಗಿಸಿದ. ಇನ್ನೂ ಬಗ್ಗಿಸು, ಇನ್ನೂ ಬಗ್ಗಿಸು. ಮುರಿದುಹೋಗುತ್ತೆ ಎಂದ ಬೇಟೆಗಾರ. ಸಂನ್ಯಾಸಿಗಳೂ ಹಾಗೇ ಎಂದರು ಅಂತೋಣಿ. ಅದೇ ಸೀಮೆಯ ಗಿಡ್ಡ ಜಾನ್ ಎಂಬುವನಿಗೆ ದೇವದೂತರ ಹಾಗೆ ದುಡಿಮೆಯಿಲ್ಲದೆ ಬರೀ ಪ್ರಾರ್ಥನೆ ಮಾಡಿಕೊಂಡಿರುವ ಆಸೆ ಹುಟ್ಟಿತು. ಮೇಲುಹೊದಿಕೆ ಬಿಸುಟು ಮರಳುಗಾಡಿನ ಒಳಕ್ಕೆ ಹೊರಟ. ವಾರ ಕಳೆದು ವಾಪಸು ಬಂದು ಬಾಗಿಲು ಬಡಿದ. ಯಾರು ಎಂದರು ಒಳಗಿನ ಸಹೋದರರು. ನಾನು ಜಾನ್. ಅವನು ದೇವದೂತನಾದ, ಈಗ ಮನುಷ್ಯರ ನಡುವೆ ಇಲ್ಲ ಎಂದು ಒಳಗಿನಿಂದ ಉತ್ತರ ಬಂತು. ಬೆಳಗಿನವರೆಗೂ ಬಾಗಿಲು ತೆಗೆಯಲಿಲ್ಲ. ಇದಕ್ಕಿಂತ ಚೆನ್ನಾದ ಪ್ರಬೋಧನೆ, ಇದಕ್ಕಿಂತ ಚಿಕ್ಕದಂತೂ, ನಾನು ಕೇಳಿಲ್ಲ.

ಮುಚ್ಚಿದ ಬಾಗಿಲಿನ ಹಿಂದಿದ್ದ ನಗು ಮಧ್ಯಯುಗದ ಫ್ರಾನ್ಸಿನಲ್ಲಿ ಬಲಿಪೀಠದ ತನಕ ನುಗ್ಗಿತು. ಹೊಸ ವರ್ಷದ ಆಸುಪಾಸಿನಲ್ಲಿ ಕೆಳದರ್ಜೆಯ ಯಾಜಕರು 'ಹುಚ್ಚರ ಹಬ್ಬ' ಮಾಡುತ್ತಿದ್ದರು. ಮುಖವಾಡ ಹಾಕಿಕೊಂಡು ಬಂದರು, ಹೆಂಗಸರ ವೇಷ ತೊಟ್ಟರು, ಬಲಿಪೀಠದ ಪಕ್ಕ ಮಾಂಸ ತಿಂದರು, ದಾಳ ಉರುಳಿಸಿದರು, ಧೂಪದ ಬದಲು ಹಳೇ ಜೋಡಿನ ಅಟ್ಟೆ ಸುಟ್ಟರು ಎಂದು ಪ್ಯಾರಿಸ್ಸಿನ ದೈವಶಾಸ್ತ್ರದ ಪಂಡಿತರು 1445ರ ಪತ್ರದಲ್ಲಿ ದೂರಿದ್ದಾರೆ. ಹಬ್ಬದವರ ಸಮರ್ಥನೆಯನ್ನೂ ಅದೇ ಪತ್ರ ಉಳಿಸಿಕೊಟ್ಟಿದೆ: ಹುಳಿಬರುವ ದ್ರಾಕ್ಷಾರಸದ ಪೀಪಾಯಿಗೆ ಆಗಾಗ ಗಾಳಿಯಾಡಿಸದಿದ್ದರೆ ಒಡೆದುಹೋಗುತ್ತದೆ, ನಾವೂ ಅಂಥ ಪೀಪಾಯಿಗಳೇ. ವಾದದಲ್ಲಿ ಪಂಡಿತರು ಗೆದ್ದರು. ನನಗೆ ನೆನಪಿರುವುದು ಪೀಪಾಯಿ.

ಜರ್ಮನ್ ಸೀಮೆಯಲ್ಲಿ ಇನ್ನೊಂದು ಪದ್ಧತಿಯಿತ್ತು, ಪಾಸ್ಖದ ನಗು. ನಲವತ್ತು ದಿನದ ತಪಸ್ಸುಕಾಲ ಕಳೆದು ಯೇಸು ಪುನರುತ್ಥಾನರಾದ ದಿನ, ಸಾವು ಸೋತಿತೆಂದು ಜನರನ್ನು ನಗಿಸುವುದು ಪ್ರಬೋಧಕರ ಕರ್ತವ್ಯವೇ ಆಗಿತ್ತು. ಒಬ್ಬರು ವೇದಿಕೆಯಲ್ಲಿ ಕೋಗಿಲೆಯಂತೆ ಕೂಗುತ್ತಿದ್ದರು, ಇನ್ನೊಬ್ಬರು ಸಂತ ಪೇತ್ರನು ಛತ್ರದವನಿಗೆ ದುಡ್ಡು ಕೊಡದೆ ಟೋಪಿ ಹಾಕಿದ ಕಥೆ ಹೇಳುತ್ತಿದ್ದರು. ಇದನ್ನು ಸಹಿಸದೆ 1518ರಲ್ಲಿ ಬಾಸೆಲ್ ನಗರದ ಪ್ರಬೋಧಕ ಓಯಿಕೊಲಂಪಾಡಿಯುಸ್ ತಮ್ಮ ಗೆಳೆಯ ಕಾಪಿತೋಗೆ ಉದ್ದನೆಯ ಪತ್ರ ಬರೆದರು. ಆ ಹೆಸರನ್ನು ಒಂದೇ ಉಸಿರಿಗೆ ಹೇಳುವುದೇ ಒಂದು ತಪಸ್ಸು. ಕ್ರಮೇಣ ಆ ನಗು ವೇದಿಕೆಯಿಂದ ಇಳಿಯಿತು. ಇದಾಗಿ 316 ವರ್ಷಕ್ಕೆ, 1834ರಲ್ಲಿ, ಅದೇ ಬಾಸೆಲ್ಲಿನಿಂದ ಮಿಷನ್ನಿನವರು ನಮ್ಮ ಮಂಗಳೂರಿಗೆ ಬಂದಿಳಿದರು. ಅಚ್ಚುಕೂಟ ತಂದರು, ಮಗ್ಗ ತಂದರು, ಹೆಂಚಿನ ಕಾರ್ಖಾನೆ ಹಾಕಿದರು, 1843ರಲ್ಲಿ ಮೊಗ್ಲಿಂಗರು 'ಮಂಗಳೂರು ಸಮಾಚಾರ' ಹೊರಡಿಸಿದರು, 1894ರಲ್ಲಿ ಕಿಟ್ಟೆಲರ ನಿಘಂಟು ಬಂತು. ಕನ್ನಡಿಗರು ಅವರಿಗೆ ಎಷ್ಟು ಋಣಿಗಳಾದರೂ ಸಾಲದು. ಪಾಸ್ಖದ ಕೋಗಿಲೆ ಒಂದು ಮಾತ್ರ ಹಡಗು ಹತ್ತಲಿಲ್ಲ.

ಆದರೆ ನಗು ಒಂದು ಬಾಗಿಲಲ್ಲಿ ಹೊರಹಾಕಿದರೆ ಇನ್ನೊಂದರಲ್ಲಿ ಬರುತ್ತದೆ. ಕೊಂಕಣಿ ಕ್ರೈಸ್ತರ ತಿಯಾತ್ರ್ ನಾಟಕ ಗೊತ್ತಲ್ಲ, ಹಾಡು, ಹಾಸ್ಯ, ಊರಿನ ದೊಡ್ಡವರ ಗೇಲಿ ಎಲ್ಲ ಸೇರಿದ್ದು? ಅದರ ಮೊದಲ ಪ್ರದರ್ಶನ ಬೊಂಬಾಯಿಯಲ್ಲಿ ನಡೆದದ್ದು 1892ರ ಏಪ್ರಿಲ್ 17ರಂದು. ಅವತ್ತು ಯಾವ ದಿನ ಗೊತ್ತೇ? ಪಾಸ್ಖ ಹಬ್ಬದ ಭಾನುವಾರ. ಯಾರೂ ಬೇಕೆಂದು ಸಂಬಂಧ ಕೂಡಿಸಿದ್ದಲ್ಲ. ಹಬ್ಬದ ದಿನ ಜನ ನಗಬೇಕೆಂದರೆ ಎಲ್ಲೋ ಒಂದು ಕಡೆ ಜಾಗ ಮಾಡಿಕೊಳ್ಳುತ್ತಾರೆ. ಮಂಗಳೂರಿನ ಕೊಂಕಣಿ ಕ್ರೈಸ್ತರ ಮದುವೆಗೆ ಹಿಂದಿನ ದಿನದ ರೋಸ್ ಶಾಸ್ತ್ರಕ್ಕೆ ಹೋಗಿ ನೋಡಿ. ತೆಂಗಿನ ಹಾಲು, ಎಣ್ಣೆ ಬಳಿಸಿಕೊಂಡು ಮದುಮಗ ಮಣೆಯ ಮೇಲೆ ಕೂತಿರುತ್ತಾನೆ. ಹೆಂಗಸರು ವೋವಿಯೊ ಹಾಡುತ್ತಿರುತ್ತಾರೆ. ಮರುದಿನ ಸೂಟು ಹಾಕಿ ಬಲಿಪೀಠದ ಮುಂದೆ ಠೀವಿಯಿಂದ ನಿಲ್ಲಬೇಕಾದವನನ್ನು ಹಿಂದಿನ ಸಂಜೆಯೇ ನೆಂಟರಿಷ್ಟರೆಲ್ಲ ಸೇರಿ ತೋಯಿಸಿ ಹಣ್ಣು ಮಾಡಿರುತ್ತಾರೆ. ಗಂಡ ಅನ್ನಿಸಿಕೊಳ್ಳುವ ಮೊದಲು ಅವನ ಜಂಬ ಇಳಿಯಲಿ ಎಂಬುದು ಹಿರಿಯರ ಲೆಕ್ಕಾಚಾರವೇನೋ.

ತಮ್ಮ ಜಂಬವನ್ನು ತಾವೇ ಇಳಿಸಿಕೊಂಡವರೂ ಇದ್ದರು. ಹದಿನಾರನೆಯ ಶತಮಾನದ ರೋಮಿನಲ್ಲಿ ಫಿಲಿಪ್ ನೇರಿ ಎಂಬ ಗುರುಗಳಿದ್ದರು. ಜನ ತಮ್ಮನ್ನು ಸಂತ ಸಂತ ಎನ್ನತೊಡಗಿದಾಗ ಅವರಿಗೆ ಗಾಬರಿಯಾಯಿತು. ಅರ್ಧ ಗಡ್ಡ ಬೋಳಿಸಿಕೊಂಡು ಬೀದಿಗೆ ಬಂದರು. ದೊಡ್ಡವರು ದರ್ಶನಕ್ಕೆ ಬಂದರೆ ನಗೆಚಾಟಿಕೆಗಳ ಪುಸ್ತಕವನ್ನು ಗಟ್ಟಿಯಾಗಿ ಓದಿಸುತ್ತಾ ಕೂರುತ್ತಿದ್ದರು. ಪ್ರಯೋಜನವಾಗಲಿಲ್ಲ. 1622ರಲ್ಲಿ ನಮ್ಮ ಗೋವೆಯ ಸಂತ ಫ್ರಾನ್ಸಿಸ್ ಜೇವಿಯರ್ ಅವರ ಜೊತೆಗೆ, ಅದೇ ದಿನ, ಇವರನ್ನೂ ಸಂತರೆಂದು ಘೋಷಿಸಿಯೇಬಿಟ್ಟರು. ಮಾಸ್ಕೋದ ಕೆಂಪು ಚೌಕದಲ್ಲಿ ಬಣ್ಣಬಣ್ಣದ ಗುಮ್ಮಟಗಳ ಚರ್ಚೊಂದಿದೆ. ಅದನ್ನು ಕಟ್ಟಿಸಿದವನು ಉಗ್ರ ಇವಾನ್ ಎಂಬ ರಾಜ. ಜನ ಅದನ್ನು ಕರೆಯುವುದು ಚಳಿಯಲ್ಲೂ ಬಟ್ಟೆಯಿಲ್ಲದೆ ತಿರುಗುತ್ತಿದ್ದ 'ಕ್ರಿಸ್ತನ ಹುಚ್ಚ' ವಸೀಲಿಯ ಹೆಸರಿನಿಂದ. ಇಂಗ್ಲೆಂಡಿನಲ್ಲಿ ರಾಜನಿಗೆ ತಲೆಬಾಗದೆ 1535ರ ಜುಲೈ 6ರಂದು ತಲೆ ಕೊಟ್ಟ ಥಾಮಸ್ ಮೋರ್, ಅಲುಗಾಡುತ್ತಿದ್ದ ವಧಾವೇದಿಕೆ ಹತ್ತುವಾಗ, ಹತ್ತಲು ಸ್ವಲ್ಪ ಕೈ ಕೊಡಿ, ಇಳಿಯುವುದನ್ನು ನಾನೇ ನೋಡಿಕೊಳ್ಳುತ್ತೇನೆ ಎಂದರಂತೆ. ಗಡ್ಡವನ್ನು ಪಕ್ಕಕ್ಕೆ ಸರಿಸಿ, ಇದು ರಾಜದ್ರೋಹ ಮಾಡಿಲ್ಲ ಎಂದೂ ಹೇಳಿದರಂತೆ. ಕೊಡಲಿಯವನಿಗೆ ಕೈ ನಡುಗದೆ ಇದ್ದೀತೇ?

ಇಲ್ಲಿಗೆ ಮೇಷ್ಟ್ರು ತಮ್ಮ ಬ್ರಹ್ಮಾಸ್ತ್ರ ತೆಗೆದರು. "ಈಗ ನಗುವವರ ಗತಿಯನ್ನು ಏನು ಹೇಳಬೇಕು ಅಂತ ಸ್ವಾಮಿಯೇ ಎಚ್ಚರಿಸಿಲ್ವೇನಪ್ಪಾ? ಲೂಕನ ಆರನೇ ಅಧ್ಯಾಯ ತೆಗಿ."

ತೆಗೆದೆ. ಮೇಷ್ಟ್ರು ಹೇಳಿದ್ದು ಇದೆ. ನಾಲ್ಕು ವಾಕ್ಯ ಮೇಲೆ ಹೋದರೆ, ಈಗ ಅಳುವವರು ಧನ್ಯರು, ಅವರು ನಗುವರು ಎಂಬ ಭರವಸೆಯೂ ಇದೆ. ನಗು ಪಾಪವಾಗಿದ್ದರೆ ಅದನ್ನು ಬಹುಮಾನವಾಗಿ ಕೊಡುತ್ತಿದ್ದರೇ? ಎಚ್ಚರಿಕೆ ಯಾರಿಗೆಂದು ಅಕ್ಕಪಕ್ಕದ ವಾಕ್ಯಗಳೇ ಹೇಳುತ್ತವೆ: ಹೊಟ್ಟೆ ತುಂಬಿದವರಿಗೆ, ಹಣವುಳ್ಳವರಿಗೆ, ಎಲ್ಲರಿಂದಲೂ ಹೊಗಳಿಸಿಕೊಳ್ಳುವವರಿಗೆ. ಅಂಥವರು ನಗುವುದು ಕೆಳಗಿನವರನ್ನು ನೋಡಿ. ಶುಭಸಂದೇಶದಲ್ಲಿ ಆ ನಗುವೂ ಧಾರಾಳವಾಗಿ ಇದೆ. ಯಾಯಿರನ ಮನೆಯಲ್ಲಿ ಹುಡುಗಿ ಸತ್ತಿಲ್ಲ ಎಂದಾಗ ಜನ ಸ್ವಾಮಿಯನ್ನು ಗೇಲಿ ಮಾಡಿ ನಕ್ಕರು. ಅವರನ್ನು ಹೊರಕ್ಕೆ ಕಳಿಸಿಯೇ ಸ್ವಾಮಿ ಒಳಗೆ ಹೋದದ್ದು. ಮುಳ್ಳಿನ ಕಿರೀಟ ತೊಡಿಸಿ, ಕೆನ್ನೀಲಿ ಬಟ್ಟೆ ಹೊದಿಸಿ, ರಾಜನೇ ನಮಸ್ಕಾರ ಎಂದು ಮೊಣಕಾಲೂರಿದ ಸೈನಿಕರದೂ ಹಾಸ್ಯವೇ. ನಮ್ಮವರೂ ಇದರಲ್ಲಿ ಹಿಂದೆ ಬಿದ್ದವರಲ್ಲ. ಕರ್ಮೆಲ್ ಬೆಟ್ಟದ ಮೇಲೆ ಪ್ರವಾದಿ ಎಲೀಯ ಬಾಳನ 450 ಪ್ರವಾದಿಗಳಿಗೆ, ಇನ್ನೂ ಗಟ್ಟಿಯಾಗಿ ಕೂಗಿ, ನಿಮ್ಮ ದೇವರು ನಿದ್ದೆ ಮಾಡುತ್ತಿರಬಹುದು, ಪ್ರಯಾಣ ಹೋಗಿರಬಹುದು ಎಂದು ಚುಡಾಯಿಸಿದ ಭಾಗ ಓದುವಾಗ ನಗು ಬಂದೇ ಬರುತ್ತದೆ. ಪುಟ ತಿರುಗಿಸಿದರೆ ಕೀಷೋನ್ ಹಳ್ಳದ ದಂಡೆಯಲ್ಲಿ ಆ ಪ್ರವಾದಿಗಳ ಕೊಲೆ. ಬೇರೆಯವರ ದೇವರನ್ನು ನೋಡಿ ನಗುವ ನಗು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದೂ ನಮ್ಮ ಪುಸ್ತಕದಲ್ಲೇ ಬರೆದಿದೆ. ಹಾಗಾಗಿ ನಗುವ ಮುಂಚೆ ಕೇಳಿಕೊಳ್ಳಬೇಕಾದ್ದು ಒಂದೇ: ಈ ನಗುವಿನಿಂದ ಗಿಡ್ಡವಾಗುವವನು ಯಾರು? ನಾನಾದರೆ ಅಡ್ಡಿಯಿಲ್ಲ, ಇನ್ನೂ ಜೋರಾಗಿ ನಗಬಹುದು.

ಇದನ್ನು ಇತ್ತೀಚೆಗೆ ಚೆನ್ನಾಗಿ ತಿಳಿದಿದ್ದವರು ಜಗದ್ಗುರು ಪೋಪ್ ಫ್ರಾನ್ಸಿಸ್. 2018ರಲ್ಲಿ ಪಾವಿತ್ರ್ಯದ ಬಗ್ಗೆ ಬರೆದ ಪ್ರಬೋಧನಾ ಪತ್ರದಲ್ಲಿ ಸಂತರ ಲಕ್ಷಣಗಳ ಸಾಲಿನಲ್ಲಿ ಹಾಸ್ಯಪ್ರಜ್ಞೆಯನ್ನೂ ಸೇರಿಸಿದರು. 2024ರ ಜೂನ್ 14ರಂದು ನಾನಾ ದೇಶಗಳ ನೂರಕ್ಕೂ ಹೆಚ್ಚು ಹಾಸ್ಯಗಾರರನ್ನು ವ್ಯಾಟಿಕನ್ನಿಗೆ ಕರೆಸಿಕೊಂಡು, ಪ್ರೀತಿಸುವವರ ಜೊತೆ ತಮಾಷೆ ಮಾಡುವ ಹಾಗೆ ದೇವರ ಜೊತೆಗೂ ನಗಬಹುದು, ಅದು ದೇವದೂಷಣೆಯಲ್ಲ ಎಂದರು. ಥಾಮಸ್ ಮೋರರ ಹೆಸರಿನಲ್ಲಿ ಪ್ರಚಾರದಲ್ಲಿರುವ ಒಂದು ಪ್ರಾರ್ಥನೆಯನ್ನು ಅವರು ದಿನವೂ ಹೇಳಿಕೊಳ್ಳುತ್ತಿದ್ದರಂತೆ. ಅದರಲ್ಲಿ ಮೊದಲು ಕೇಳುವುದು ಒಳ್ಳೆಯ ಜೀರ್ಣಶಕ್ತಿ, ಆಮೇಲೆ ಜೀರ್ಣಿಸಿಕೊಳ್ಳಲು ಏನಾದರೊಂದು ಆಹಾರ, ಕೊನೆಯಲ್ಲಿ ಹಾಸ್ಯಪ್ರಜ್ಞೆ. ಈ ಅನುಕ್ರಮ ನನಗೆ ಬಹಳ ಹಿಡಿಸಿತು. ಹೊಟ್ಟೆ ಸರಿಯಿಲ್ಲದೆ ಯಾವ ಸಂತನೂ ನಗಲಾರ.

ಪೋಪರ ಮಾತು ಹೇಳಿದ ಮೇಲೆ ಮೇಷ್ಟ್ರು ಎದುರಾಡುವಂತಿಲ್ಲ ಎಂದು ನಾನು ಗೆದ್ದವನ ಹಾಗೆ ಎದೆಯುಬ್ಬಿಸಿ ನಿಂತಿದ್ದೆ. ಅವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. "ಆ ಪ್ರಾರ್ಥನೆ ಬರೆದುಕೊಡಪ್ಪಾ, ನನಗೂ ಬೇಕು" ಎಂದರು. ನಾನು ಉತ್ಸಾಹದಿಂದ ಪೆನ್ನು ಹುಡುಕಿದೆ. "ಹಾಸ್ಯಪ್ರಜ್ಞೆ ತನಕ ಬೇಡ, ಮೊದಲನೇ ಸಾಲು ಸಾಕು. ಅರ್ಧ ಗಂಟೆಯಿಂದ ನೀನು ತಿನ್ನಿಸಿದ್ದು ಜೀರ್ಣ ಆಗಬೇಕಲ್ಲ!" ಅಂಗಳದಲ್ಲಿದ್ದವರೆಲ್ಲ ಗೊಳ್ಳೆಂದರು. ಮೇಷ್ಟ್ರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಗಿಡ್ಡವಾದವನು ನಾನೇ ಆದ್ದರಿಂದ, ನನ್ನದೇ ನಿಯಮದ ಪ್ರಕಾರ, ಎಲ್ಲರಿಗಿಂತ ಜೋರಾಗಿ ನಗಬೇಕಾಯಿತು.